ನೀರು ತಾಗಿದರೆ ಸೌಖ್ಯ

ಸೀದಿ ಬೂಲಾಂ ಬಂದರಿನ ಮೂಲಕ ಕಳೆದ ಮೂರು ವರ್ಷಗಳಲ್ಲಿ ಒಂದೇ ಒಂದು ಅಪಾಯಕಾರಿ ವಸ್ತು ಸಾಗಿಲ್ಲ. ಇದು ಸರ್ಕಾರಿ ದಾಖಲೆಯಲ್ಲಿರುವ ಸತ್ಯ. ಅನುಮಾನ ಇದ್ದವರು ಬಂದರು ಕಚೇರಿಯ ಗೋಡೆಗೆ ಗಾಜು ಹಾಕಿಸಿ ತೂಗುಬಿಟ್ಟಿರುವ ಪ್ರಶಸ್ತಿ ಪತ್ರವನ್ನು ಹೋಗಿ ನೋಡಿಕೊಳ್ಳಬಹುದು. ಗಂಧಕಾಮ್ಲ ದಿನಾ ಬರುತ್ತದೆ, ಪೆಟ್ರೋಲು ವಾರಕ್ಕೊಮ್ಮೆ ಬರುತ್ತದೆ, ಇಲಿ ಪಾಷಾಣ ಸುಗ್ಗಿಗೆ ಮುಂಚೆ ಬರುತ್ತದೆ, ಕಲ್ಲುಗಣಿಯ ಸಿಡಿಮದ್ದು ಕೇಳಿದಾಗೆಲ್ಲ ಬರುತ್ತದೆ. ಅಪಾಯಕಾರಿ ವಸ್ತು ಮಾತ್ರ ಬಂದಿಲ್ಲ.

ಈ ಸಾಧನೆಗೆ ಕಾರಣ ಬಂದರಿನ ನಿರ್ದೇಶಕರಾದ ಸೀ ತೈಬಿ. ಕುರ್ಚಿಗೆ ಬಂದ ಹೊಸದರಲ್ಲಿ ಅವರು ಹಳೆಯ ಅವಘಡಗಳ ಕಡತಗಳನ್ನೆಲ್ಲ ತರಿಸಿ ಧೂಳು ಕೊಡವಿ ಓದಿದರು. ಓದಿ ಬೆಚ್ಚಿಬಿದ್ದರು. ಸಿಡಿದದ್ದಿರಲಿ, ಸೋರಿದ್ದಿರಲಿ, ಹೊತ್ತಿ ಉರಿದದ್ದಿರಲಿ, ಪ್ರತಿಯೊಂದು ಸರಕಿನ ಸಾಗಣೆ ಪತ್ರದ ಮೇಲೂ 'ಅಪಾಯ' ಎಂಬ ಪದ ಇತ್ತು. ಕಿತ್ತಳೆ ಹಣ್ಣು, ಸಾರ್ಡೀನ್ ಮೀನಿನ ಡಬ್ಬಿ, ಪ್ಲಾಸ್ಟಿಕ್ ಚಪ್ಪಲಿ ಇವುಗಳ ಪತ್ರದ ಮೇಲೆ ಆ ಪದ ಇರಲಿಲ್ಲ; ಅವು ಯಾವತ್ತೂ ಸಿಡಿದಿರಲಿಲ್ಲ. ಅಪಾಯ ಎಲ್ಲಿಂದ ಬರುತ್ತಿದೆ ಎಂಬುದು ಸ್ಪಷ್ಟವಾಯಿತು. ಇಷ್ಟು ವರ್ಷ ಓದಿಕೊಂಡವರ್ಯಾರಿಗೂ ಇದು ಹೊಳೆಯಲಿಲ್ಲವಲ್ಲ ಎಂದು ಅವರಿಗೆ ದೇಶದ ಬಗ್ಗೆ ಬೇಸರವಾಯಿತು.

ಊರಿನವರಿಗೇನೂ ಬೇಸರವಾಗಲಿಲ್ಲ. ಅಜ್ಜಿಯರ ಕಾಲದಿಂದ ಅವರು ಮಾಡುತ್ತಿದ್ದದ್ದೇ ಅದು. ಕೆಟ್ಟದ್ದನ್ನು ಹೆಸರು ಹಿಡಿದು ಕರೆದರೆ ಅದು 'ಓ' ಅಂದುಕೊಂಡು ಬಂದೇಬಿಡುತ್ತದೆ. ಹಾಗಾಗಿ ಈ ಊರಲ್ಲಿ ಯಾರೂ ಬೆಂಕಿಗೆ ಬೆಂಕಿ ಅನ್ನುವುದಿಲ್ಲ, ಸೌಖ್ಯ ಅನ್ನುತ್ತಾರೆ. ಇದ್ದಲಿಗೆ ಬಿಳುಪು ಅನ್ನುತ್ತಾರೆ. ಕುರುಡನಿಗೆ ಕಣ್ಣುಳ್ಳವನು. ಖಾಲಿ ಪಾತ್ರೆಗೆ ತುಂಬಿದ ಪಾತ್ರೆ. ಮನೆಯೊಳಗೆ ಇದ್ದ ಈ ಸಂಪ್ರದಾಯಕ್ಕೆ ಸೀ ತೈಬಿ ಒಂದು ಸುತ್ತೋಲೆ ಸಂಖ್ಯೆ ಕೊಟ್ಟರು, ಅಷ್ಟೇ.

ಸುತ್ತೋಲೆ ಹೀಗಿತ್ತು: 'ಸಾಗಣೆ ಪತ್ರದಲ್ಲಿ ಮೊದಲು ಸರಕಿನ ಅಂತರರಾಷ್ಟ್ರೀಯ ಸಂಖ್ಯೆ, ಆಮೇಲೆ ಹೆಸರು, ಆಮೇಲೆ ವರ್ಗ, ಆಮೇಲೆ ಪ್ಯಾಕಿಂಗ್ ಗುಂಪು, ಇದೇ ಕ್ರಮದಲ್ಲಿ, ತಿದ್ದದೆ, ಅಳಿಸದೆ ಬರೆಯತಕ್ಕದ್ದು. ಅಪಾಯ, ವಿಷ, ಸ್ಫೋಟ, ಉರಿ, ನಷ್ಟ, ಸಾವು ಮುಂತಾದ ಅಪಶಕುನದ ಪದಗಳನ್ನು ಬರೆಯತಕ್ಕದ್ದಲ್ಲ. ಬದಲಿಗೆ ಅನುಬಂಧದಲ್ಲಿ ಕೊಟ್ಟಿರುವ ಶುಭ ಪದಗಳನ್ನು ಬಳಸತಕ್ಕದ್ದು. ತುರ್ತಿಗೆ ಹಗಲೂ ರಾತ್ರಿ ಎತ್ತುವ ಒಂದು ಫೋನ್ ನಂಬರನ್ನು ಕೊನೆಯಲ್ಲಿ ಬರೆಯತಕ್ಕದ್ದು.'

ಹಗಲೂ ರಾತ್ರಿ ಫೋನ್ ಎತ್ತುವವನು ಇಡೀ ಬಂದರಿನಲ್ಲಿ ಒಬ್ಬನೇ ಇದ್ದ: ಗೇಟಿನೆದುರಿನ ಚಹಾದಂಗಡಿಯ ಅಲ್ಲಾಲ್. ಎಲ್ಲ ಪತ್ರಗಳ ಮೇಲೂ ಅವನ ನಂಬರೇ ಬಿತ್ತು. ಅಪಾಯವೇ ಇಲ್ಲದ ಮೇಲೆ ಅಪಾಯ ನಿವಾರಣಾ ನಿಧಿ ಯಾಕೆ ಎಂದು ಅದಕ್ಕೆ ಸೌಖ್ಯ ನಿಧಿ ಎಂದು ಹೆಸರಿಟ್ಟು, ಅದರಲ್ಲಿ ಸೀ ತೈಬಿಯವರ ಕೋಣೆಗೆ ಅಮೃತಶಿಲೆ ಹಾಸಲಾಯಿತು. ಅವರ ಪಾದಗಳಿಗೆ ಆ ಕ್ಷಣದಿಂದಲೇ ಸೌಖ್ಯವಾಯಿತು.

ಇಂಥ ಬಂದರಿಗೆ ಒಂದು ಗುರುವಾರ ಬೂಷ್ತಾ ತನ್ನ ಲಾರಿ ತಂದು ನಿಲ್ಲಿಸಿದ.

ಲಾರಿಯ ಹೆಸರು ಮಬ್ರೂಕಾ. ವಯಸ್ಸು ಬೂಷ್ತಾನ ಮದುವೆಯಷ್ಟು, ಹೊಗೆ ಅವನ ಮಾವನಷ್ಟು. ಅವನಿಗಿದ್ದ ಆಸ್ತಿ ಅದೊಂದೇ. ಅದು ಓಡಿದರೆ ಮನೆಯಲ್ಲಿ ಒಲೆ, ನಿಂತರೆ ಉಪವಾಸ. ಇತ್ತೋ ಎಂಬ ಹೆಸರಿನ ಅವನ ಹೆಂಡತಿ ಅದರ ಬಾಗಿಲಿಗೆ ತಾನೇ ಕೈಯಾರೆ ದೃಷ್ಟಿಗೆಂದು ನೀಲಿ ಅಂಗೈ ಬರೆದಿದ್ದಳು. ಬೆರಳು ಆರು ಬಿದ್ದಿದ್ದವು, ಹೆಚ್ಚಿದ್ದರೆ ಒಳ್ಳೆಯದೇ ಎಂದು ಬಿಟ್ಟಿದ್ದಳು. ಆ ಬೆಳಿಗ್ಗೆ ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ್ದಳು, "ಎಣ್ಣೆ ಜಾಡಿ ತುಂಬಿದೆ, ಬರ್ತಾ ತಗೊಂಡು ಬಾ. ನಾಳೆ ಶುಕ್ರವಾರದ ಊಟ, ಕುಸ್‌ಕುಸ್ ಆರೋದ್ರೊಳಗೆ ಬರ್ಲಿಲ್ಲ ಅಂದ್ರೆ ನಿನ್ನ ಪಾಲು ನಮ್ಮಣ್ಣನ ಹೊಟ್ಟೆಗೆ."

ಲಾರಿಯಲ್ಲಿ ಇದ್ದದ್ದು ವೆಲ್ಡಿಂಗಿನವರ ಕಾರ್ಬೈಡ್, ಡ್ರಮ್ಮುಗಳ ತುಂಬ. ಅದರ ಬಗ್ಗೆ ಬೂಷ್ತಾನಿಗೆ ಹೆಚ್ಚೇನೂ ಗೊತ್ತಿರಲಿಲ್ಲ. ಹುಡುಗನಾಗಿದ್ದಾಗ ಒಂದು ಚೂರು ಕಾರ್ಬೈಡನ್ನು ಟೊಮೆಟೊ ಡಬ್ಬಿಯಲ್ಲಿ ಹಾಕಿ, ಉಗುಳಿ, ಕಡ್ಡಿ ಗೀರಿ ಮೇಷ್ಟರ ಕಿಟಕಿ ಕೆಳಗೆ ಇಟ್ಟಿದ್ದ. ಓಡುವುದು ಸ್ವಲ್ಪ ತಡವಾಗಿತ್ತು. ಅವತ್ತು ಹೋದ ಎಡಹುಬ್ಬು ಇವತ್ತಿನ ತನಕ ವಾಪಸು ಬಂದಿಲ್ಲ. ನೀರು, ಕಾರ್ಬೈಡು, ಕಿಡಿ ಇವು ಮೂರೂ ಒಂದೇ ಮನೆಯಲ್ಲಿ ಬಾಳುವುದಿಲ್ಲ ಎಂಬಷ್ಟು ವಿದ್ಯೆಗೆ ಅವನು ಒಂದು ಹುಬ್ಬು ಫೀಸು ಕಟ್ಟಿದ್ದ.

ಪತ್ರ ತೆಗೆದುಕೊಳ್ಳುವ ಕಿಟಕಿಯಲ್ಲಿ ಲಲ್ಲಾ ಮಹ್‌ಜೂಬಾ ಕೂತಿದ್ದಳು. ಕಾರ್ಖಾನೆಯವರು ಕೊಟ್ಟಿದ್ದ ಪತ್ರವನ್ನು ಓದಿ, ಕೊನೆಯ ಸಾಲಿಗೆ ಬಂದಾಗ ಅಪಶಕುನ ತಾಗದಿರಲೆಂದು ಅಂಗಿಯ ಕತ್ತಿನೊಳಗೆ ಮೂರು ಸಲ ಉಗುಳಿಕೊಂಡಳು. ಅಲ್ಲಿ 'ನೀರು ತಾಗಿದರೆ ಅಪಾಯ' ಎಂದು ಕೆಂಪಕ್ಷರದಲ್ಲಿತ್ತು.

"ಸೀ ಬೂಷ್ತಾ, ನಿಮಗೇನು ಮಕ್ಕಳು ಮರಿ ಇಲ್ವಾ? ಇಂಥದ್ದನ್ನ ಜೇಬಲ್ಲಿ ಇಟ್ಕೊಂಡು ತಿರುಗ್ತೀರಲ್ಲ."

"ಡ್ರಮ್ಮಲ್ಲಿ ಇರೋದನ್ನ ಬರ್ದಿದಾರೆ ಲಲ್ಲಾ, ನಾನೇನು ಕವನ ಬರೆದ್ನಾ?"

ಅವಳು ಅನುಬಂಧ ತೆರೆದು ಬೆರಳಿಟ್ಟು ತೋರಿಸಿದಳು. ಅಪಾಯ ಎಂಬುದಕ್ಕೆ ಅನುಮೋದಿತ ಪದ: ಸೌಖ್ಯ. ಆದ್ದರಿಂದ ಸಾಲು ಹೀಗಾಗತಕ್ಕದ್ದು: 'ನೀರು ತಾಗಿದರೆ ಸೌಖ್ಯ.'

ಬೂಷ್ತಾ ಅದನ್ನು ಎರಡು ಸಲ ಓದಿದ. ಇದನ್ನು ನೋಡಿದವರು ನೀರು ಹಾಕುವುದಿಲ್ಲವೆ ಎಂದು ಕೇಳಿದ.

"ಯಾರು ಹಾಕ್ತಾರೆ? ಕಾರ್ಬೈಡ್ ಅಂದ್ರೆ ಏನು ಅಂತ ಇಲ್ಲಿ ಎಲ್ಲರಿಗೂ ಗೊತ್ತು."

"ಎಲ್ಲರಿಗೂ ಗೊತ್ತಿರೋದನ್ನೇ ಬರೆದ್ರೆ ಏನು ಕಷ್ಟ?"

"ಎಲ್ಲರಿಗೂ ಗೊತ್ತಿದ್ಮೇಲೆ ಬರೆಯೋದ್ಯಾಕೆ?" ಎಂದಳು ಲಲ್ಲಾ ಮಹ್‌ಜೂಬಾ. ಕಚೇರಿ ಶುರುವಾದಾಗಿನಿಂದ ಈ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿರಲಿಲ್ಲ.

ಬೂಷ್ತಾ ಸಹಿ ಹಾಕುವುದಿಲ್ಲ ಎಂದ. ಅದಕ್ಕೂ ನಿಯಮ ಇತ್ತು. ಪತ್ರ ಒಪ್ಪಿತವಾದ ಲಾರಿ ಶೆಡ್ಡಿನ ಒಳಗೆ, ಒಪ್ಪಿತವಾಗದ ಲಾರಿ ಬಯಲಲ್ಲಿ. ಅವನು ಬಯಲಲ್ಲಿ ನಿಂತ. ಸಂಜೆಯಾಗುತ್ತಿದ್ದ ಹಾಗೆ ಸಮುದ್ರದ ಕಡೆಯಿಂದ ಮಂಜು ಎದ್ದು ಬಂತು. ಆ ಕರಾವಳಿಯ ಮಂಜು ಅಂದರೆ ಸುಮ್ಮನೆ ಅಲ್ಲ. ಒಣಹಾಕಿದ ಬಟ್ಟೆಯನ್ನು ಮತ್ತೊಮ್ಮೆ ಹಿಂಡಿಸುತ್ತದೆ. ಬೂಷ್ತಾ ಲಾರಿ ಹತ್ತಿ ಟಾರ್ಪಾಲು ಎಳೆಯುವಾಗ ನೋಡಿದ. ದಾರಿಯ ಗುಂಡಿಯಲ್ಲಿ ಕುಣಿದು ಒಂದು ಡ್ರಮ್ಮಿನ ಮುಚ್ಚಳ ಸಡಿಲಾಗಿತ್ತು. ಮೂಗಿಗೆ ಸಣ್ಣಗೆ, ತೇವ ತಾಗಿದ ಕಾರ್ಬೈಡಿನ ಬೆಳ್ಳುಳ್ಳಿ ವಾಸನೆ ಬಡಿಯಿತು. ಎಡಹುಬ್ಬಿದ್ದ ಜಾಗ ತಾನಾಗಿ ನವೆಯಾಯಿತು.

ಓಡಿಹೋಗಿ ಸಹಿ ಹಾಕಿದ. ಕಾರ್ಬೈಡನ್ನು ನೀರಿನಿಂದ ಉಳಿಸಬೇಕೆಂದರೆ ಅದಕ್ಕೆ ನೀರು ಒಳ್ಳೆಯದು ಎಂದು ಬರೆದುಕೊಡುವುದೊಂದೇ ದಾರಿ ಇತ್ತು. ಲಲ್ಲಾ ಮಹ್‌ಜೂಬಾ ಠಸ್ಸೆ ಒತ್ತಿ, "ಈಗ ನೋಡಿ, ಎಷ್ಟು ಹಗುರ ಅನಿಸ್ತಿದೆ" ಎಂದಳು. ಮಬ್ರೂಕಾ ಮೂರನೆಯ ಶೆಡ್ಡಿನ ಒಳಗೆ ಹೋಗಿ ನಿಂತಳು. ಬೂಷ್ತಾ ಅವಳ ಮುಂದಿನ ಸೀಟಿನಲ್ಲಿ ಕಾಲು ಮಡಚಿ ನಿದ್ದೆ ಹೋದ.

ಬೆಳಿಗ್ಗೆ ಅವನನ್ನು ಎಬ್ಬಿಸಿದ್ದು ನೆಲದ ಮೇಲೆ ಏನನ್ನೋ ಎಳೆದು ತರುವ ಸದ್ದು. ಅಗ್ನಿಶಾಮಕ ದಳದ, ಕ್ಷಮಿಸಬೇಕು, ಸೌಖ್ಯಶಾಮಕ ದಳದ ಕಪ್ತಾನ ಜಿಲಾಲಿ ನೀರಿನ ಪೈಪು ಎಳೆದುಕೊಂಡು ಬಂದು ಮಬ್ರೂಕಾಳ ಹಿಂದೆ ನಿಂತಿದ್ದ. ಕೈಯಲ್ಲಿ ಬೂಷ್ತಾನದೇ ಪತ್ರದ ಪ್ರತಿ.

ನೀರಿನಿಂದ ಸೌಖ್ಯ ಪಡೆಯುವ ಸರಕಿಗೆ ಪ್ರತಿ ಶುಕ್ರವಾರ ಬೆಳಿಗ್ಗೆ ನೀರು ಕೊಡತಕ್ಕದ್ದು ಎಂದು ನಿಯಮ ಇತ್ತು. ಅದನ್ನು ಬರೆದದ್ದು ಸೀ ತೈಬಿಯವರ ತೋಟಕ್ಕೆ ಬರುವ ಗುಲಾಬಿ ಸಸಿಗಳಿಗಾಗಿ. ಆದರೆ ನಿಯಮದಲ್ಲಿ ಗುಲಾಬಿ ಎಂದು ಇರಲಿಲ್ಲ, ಸರಕು ಎಂದಿತ್ತು.

ಬೂಷ್ತಾ ಲಾರಿಯಿಂದ ಧುಮುಕಿ ಪೈಪಿನ ಬಾಯಿಗೆ ಅಂಗೈ ಅಡ್ಡ ಹಿಡಿದ.

"ಕಪ್ತಾನಣ್ಣ, ಅದು ಕಾರ್ಬೈಡು."

"ಗೊತ್ತಪ್ಪ."

"ನೀರು ಬಿದ್ರೆ ಏನಾಗುತ್ತೆ ಗೊತ್ತಾ?"

ಕಪ್ತಾನ ತಲೆಯ ಮೇಲಿದ್ದ ಹೆಲ್ಮೆಟ್ಟನ್ನು ಹಿಂದಕ್ಕೆ ಸರಿಸಿದ. ಅವನಿಗೆ ಬಲಹುಬ್ಬು ಇರಲಿಲ್ಲ. "ಸಾರ್ಡೀನ್ ಡಬ್ಬಿ," ಎಂದ. "ಇಮಾಮರ ಕತ್ತೆ ಕೆಳಗೆ ಇಟ್ಟಿದ್ದೆ. ನಿಂದು?"

"ಟೊಮೆಟೊ ಡಬ್ಬಿ. ಮೇಷ್ಟರ ಕಿಟಕಿ."

ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದರು. ಇಬ್ಬರನ್ನೂ ಸೇರಿಸಿದರೆ ಒಂದು ಜೊತೆ ಹುಬ್ಬು ಪೂರ್ತಿಯಾಗುತ್ತಿತ್ತು.

"ಹಂಗಾದ್ರೆ ಪೈಪು ಸುತ್ತಿಕೋ ಅಣ್ಣ."

"ಸುತ್ತಿಕೊಂಡ್ರೆ ನಾಳೆ ಕೇಳ್ತಾರೆ, ಪತ್ರದಲ್ಲಿ ಸೌಖ್ಯ ಅಂತ ಇತ್ತು, ನೀರು ಯಾಕೆ ಹಾಕ್ಲಿಲ್ಲ ಅಂತ. ಹಾಕಿದ್ರೆ ಯಾರೂ ಏನೂ ಕೇಳಲ್ಲ, ಕೇಳೋರು ಉಳಿದ್ರೆ ತಾನೆ? ನನಗೆ ಇನ್ನು ಸ್ವಲ್ಪದರಲ್ಲೇ ಪಿಂಚಣಿ ಮಾರಾಯ. ನೀನು ನಿರ್ದೇಶಕರ ಹತ್ರ ಓಡು, ಒಂದು ಸಾಲು ಬರೆಸ್ಕೊಂಡು ಬಾ. ಅಲ್ಲೀ ತನಕ ನಾನು ಪೈಪಿನ ಗಂಟು ಬಿಡಿಸ್ತಿರ್ತೀನಿ. ಗಂಟೇನೂ ಇಲ್ಲ, ನಾನೇ ಹಾಕ್ಕೋತೀನಿ."

ಲಾರಿ ಹತ್ತಿ ಹೊರಗೆ ಓಡಿಸಿಬಿಡೋಣ ಎಂದರೆ, ಸರಕು ಇಳಿಸದ ಲಾರಿಯನ್ನು ಗೇಟಿನವನು ಬಿಡುವಂತಿರಲಿಲ್ಲ. ಸರಕು ಇಳಿಸುವ ಕೂಲಿಗಳು ಶುಕ್ರವಾರ ಬರುವಂತಿರಲಿಲ್ಲ. ಬೂಷ್ತಾ ನಿರ್ದೇಶಕರ ಕೋಣೆಗೆ ಓಡಿದ. ಅಮೃತಶಿಲೆಯ ಮೇಲೆ ಜಾರಿ, ಸೀ ತೈಬಿಯವರ ಮೇಜಿನ ತನಕ ಕೂತುಕೊಂಡೇ ಬಂದ.

ನಿರ್ದೇಶಕರು ಸಮಾಧಾನದಿಂದ ಕೇಳಿಸಿಕೊಂಡರು. ಪದ ಬದಲಾವಣೆಗೆ ಅರ್ಜಿ ಹಾಕಲು ಪ್ರತಿಯೊಬ್ಬ ನಾಗರಿಕನಿಗೂ ಹಕ್ಕಿದೆ ಎಂದರು. ಅರ್ಜಿಯಲ್ಲಿ ಮಾತ್ರ ನಿಷೇಧಿತ ಪದ ಇರಕೂಡದು. ಬೂಷ್ತಾ ನಿಂತಲ್ಲೇ ನಿಂತು, ಪೆನ್ನು ಕಚ್ಚಿ ಕಚ್ಚಿ, ಬರೆದುಕೊಟ್ಟ: 'ನನ್ನ ಸರಕಿಗೆ ನೀರು ತಾಗಿದರೆ ತುಂಬಾ ಸೌಖ್ಯವಾಗುತ್ತದೆ. ಶೆಡ್ಡಿಗೂ ಸೌಖ್ಯವಾಗುತ್ತದೆ. ಸುತ್ತ ಇದ್ದವರಿಗೆಲ್ಲ ಸೌಖ್ಯವಾಗುತ್ತದೆ. ಆದ್ದರಿಂದ ದಯಮಾಡಿ ನೀರು ಹಾಕಬಾರದಾಗಿ ಪ್ರಾರ್ಥನೆ.'

ಸೀ ತೈಬಿ ಅದನ್ನು ಓದಿ ಕನ್ನಡಕ ತೆಗೆದರು.

"ಇಷ್ಟೆಲ್ಲ ಸೌಖ್ಯ ಆಗುತ್ತೆ ಅಂತ ನೀವೇ ಬರೆದಿದ್ದೀರಿ. ಮತ್ತೆ ಬೇಡ ಅಂತೀರಿ. ಕಾರಣ?"

"ಕಾರಣ ಹೇಳೋ ಪದ ನಿಮ್ಮ ಪಟ್ಟಿಯಲ್ಲಿ ಇಲ್ಲ ಸಾಹೇಬ್ರೆ."

"ಕಾರಣವಿಲ್ಲದ ಅರ್ಜಿಯನ್ನು ಪುರಸ್ಕರಿಸೋಕೆ ಬರಲ್ಲ," ಎಂದರು ಅವರು, ನಿಜವಾಗಿಯೂ ವಿಷಾದದಿಂದ. ಆಮೇಲೆ ಮೂರನೆಯ ಶೆಡ್ಡಿಗೂ ತಮ್ಮ ಕಿಟಕಿಗೂ ಎಷ್ಟು ದೂರ ಎಂದು ಒಮ್ಮೆ ಕಣ್ಣಲ್ಲೇ ಅಳೆದು, ಜಲ್ಲಾಬಾ ನಿಲುವಂಗಿ ಹಾಕಿಕೊಂಡು, ಶುಕ್ರವಾರದ ಪ್ರಾರ್ಥನೆಗೆ ಹೊರಟರು. ಪ್ರಾರ್ಥನೆಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಭಕ್ತಿಗೆ ಹೊತ್ತು ಗೊತ್ತು ಇರುವುದಿಲ್ಲ.

ಬೂಷ್ತಾ ವಾಪಸು ಬರುವಷ್ಟರಲ್ಲಿ ಕಪ್ತಾನ ಪೈಪಿಗೆ ಐದಾರು ಗಂಟು ಹಾಕಿ, ಎಲ್ಲವನ್ನೂ ಬಿಡಿಸಿ, ಇನ್ನೇನು ಮಾಡುವುದೆಂದು ನಿಯಮದ ಪುಸ್ತಕ ತಿರುವುತ್ತಿದ್ದ. ಒಂದು ಸಿಕ್ಕಿತು. ಸಂದೇಹ ಬಂದಲ್ಲಿ ಪತ್ರದ ಮೇಲಿನ ತುರ್ತು ನಂಬರಿಗೆ ಫೋನ್ ಮಾಡಿ ಪರಿಣತರ ಸಲಹೆ ಪಡೆಯತಕ್ಕದ್ದು. ಕಪ್ತಾನ ಫೋನ್ ಮಾಡಿದ. ಮೊದಲನೇ ರಿಂಗಿಗೇ ಎತ್ತಿದರು. ಮೂರನೇ ಶೆಡ್ಡು, ಕಾರ್ಬೈಡು, ಪರಿಸ್ಥಿತಿ ಸೌಖ್ಯದ ಹತ್ತಿರ ಇದೆ, ಎಂದು ಕಪ್ತಾನ ವಿವರಿಸಿದ.

"ಎಷ್ಟು ಗ್ಲಾಸು?" ಎಂದ ಅಲ್ಲಾಲ್.

ಫೋನ್ ಇಟ್ಟ ಸ್ವಲ್ಪ ಹೊತ್ತಿಗೆಲ್ಲ ಬಂದ. ಒಂದು ಕೈಯಲ್ಲಿ ಪುದೀನ ಚಹಾದ ಹೂಜಿ, ಇನ್ನೊಂದು ಕೈಯಲ್ಲಿ ಅದು ಆರದಂತೆ ಇಡಲು ಮಣ್ಣಿನ ಅಗ್ಗಿಷ್ಟಿಕೆ. ಅದರಲ್ಲಿ ಬಿಳುಪು ಕೆಂಪಗೆ ನಿಗಿನಿಗಿ ಉರಿಯುತ್ತಿತ್ತು. ಅದನ್ನು ಮಬ್ರೂಕಾಳ ಹಿಂದಿನ ಚಕ್ರದ ಪಕ್ಕದಲ್ಲಿ, ಗಾಳಿ ತಾಗದ ಜಾಗ ನೋಡಿ, ಜೋಪಾನವಾಗಿ ಇಟ್ಟ. ಮೂವರೂ ಚಹಾ ಕುಡಿದರು. ಬೂಷ್ತಾ ಸಕ್ಕರೆ ಕಡಿಮೆ ಎಂದ.

"ಪರಿಣತರ ಸಲಹೆ ಪಡೆದದ್ದಾಯ್ತು," ಎಂದು ಕಪ್ತಾನ ಬರೆದುಕೊಂಡ. ಬೂಷ್ತಾನ ಭುಜದ ಮೇಲೆ ಕೈಯಿಟ್ಟು ತಗ್ಗಿದ ದನಿಯಲ್ಲಿ, "ಲಾರಿಯಲ್ಲಿ ನಿಂದೇನಾದ್ರೂ ಇದ್ರೆ ತಗೊಂಡು ಬಾ ತಮ್ಮಾ" ಎಂದ.

ಬೂಷ್ತಾ ಹೋದ. ನೀಲಿ ಅಂಗೈಯನ್ನು ಉಗುರಲ್ಲಿ ಕೆರೆದು ನೋಡಿದ. ಇತ್ತೋ ಬರೆದದ್ದು ಯಾವತ್ತೂ ಸುಲಭಕ್ಕೆ ಬಿಡುವಂಥದಲ್ಲ. ಕೊನೆಗೆ ಸ್ಟೀರಿಂಗಿಗೆ ಕಟ್ಟಿದ್ದ ಕೆಂಪು ಉಣ್ಣೆಯ ಕುಚ್ಚು ಬಿಚ್ಚಿಕೊಂಡು ಇಳಿದ. ಇಳಿಯುವಾಗ ಮಬ್ರೂಕಾಳ ಮೂತಿಗೆ ಎರಡು ಸಲ ತಟ್ಟಿದ, ಚಳಿಗಾಲದಲ್ಲಿ ಸ್ಟಾರ್ಟ್ ಆಗದಿದ್ದಾಗ ತಟ್ಟುತ್ತಿದ್ದ ಹಾಗೆ.

ಕಪ್ತಾನ ಪೈಪಿನ ಬಾಯನ್ನು ಒಂದು ಕಂಬಕ್ಕೆ ಕಟ್ಟಿ, ನಲ್ಲಿ ತಿರುಗಿಸಲು ಗೋಡೆಯಾಚೆಗೆ ಹೋದ. ಅಷ್ಟರಲ್ಲಿ ಇಡೀ ಬಂದರಿಗೆ ಕುಸ್‌ಕುಸ್ ನೆನಪಾಗಿತ್ತು. ಕಚೇರಿಯವರು, ಕಾವಲಿನವರು, ತೂಕದವರು ಎಲ್ಲರೂ ಒಟ್ಟಿಗೆ, ಓಡದೆ, ಓಡುವುದಕ್ಕಿಂತ ಬೇಗ ನಡೆದು ಗೇಟು ದಾಟಿದರು. ಲಲ್ಲಾ ಮಹ್‌ಜೂಬಾ ಪ್ರಶಸ್ತಿ ಪತ್ರವನ್ನು ಗೋಡೆಯಿಂದ ಇಳಿಸಿ ಎದೆಗವಚಿಕೊಂಡಿದ್ದಳು. ಬಂದರಿನ ಬೆಕ್ಕುಗಳೂ ಹೊರಟಿದ್ದವು. ಅವುಗಳ ಮನೆಯಲ್ಲಿ ಯಾರು ಕುಸ್‌ಕುಸ್ ಮಾಡಿದ್ದರೋ ಕಾಣೆ. ಅಗ್ಗಿಷ್ಟಿಕೆ ಬಿಟ್ಟು ಬಂದೆಯಲ್ಲೋ ಎಂದು ಬೂಷ್ತಾ ಕೇಳಿದಾಗ, ಉರಿಯುವುದನ್ನು ಹಿಡಿದುಕೊಂಡು ಓಡಲು ನಾನೇನು ಹುಚ್ಚನೆ ಎಂದ ಅಲ್ಲಾಲ್.

ಸ್ವಲ್ಪ ಹೊತ್ತು ಸುಂಯ್ ಎಂಬ ಸದ್ದು, ಬೆಳ್ಳುಳ್ಳಿ ವಾಸನೆ. ಆಮೇಲೆ ಮೂರನೆಯ ಶೆಡ್ಡಿಗೆ ಸೌಖ್ಯವಾಯಿತು.

ಎಂಥ ಸೌಖ್ಯವೆಂದರೆ, ಮೂರು ಬೀದಿ ಆಚೆಯ ಕ್ಷೌರಿಕನ ಕನ್ನಡಿಗೂ ಸೌಖ್ಯವಾಯಿತು. ಶೆಡ್ಡಿನ ತಗಡಿನ ಛಾವಣಿ ಒಂದೇ ತುಂಡಾಗಿ ಎದ್ದು, ಕೊಕ್ಕರೆಗಳ ಜೊತೆ ಒಂದು ಸುತ್ತು ಹಾಕಿ, ನಿರ್ದೇಶಕರ ಕೋಣೆಯ ಮೇಲೆ ಕೂತಿತು.

ತನಿಖಾ ಸಮಿತಿ ಬಂತು. ಸಮಿತಿಯವರೂ ಅದೇ ಅನುಬಂಧವನ್ನು ಬಳಸತಕ್ಕದ್ದಿತ್ತು. ವರದಿ ಒಂದೇ ಪುಟ: 'ಶುಕ್ರವಾರ ಬೆಳಿಗ್ಗೆ ನಿಯಮದಂತೆ ನೀರು ಕೊಡಲಾಗಿ, ಪತ್ರದಲ್ಲಿ ಘೋಷಿಸಿದಂತೆಯೇ ಸರಕಿಗೆ ಸೌಖ್ಯವಾಗಿದೆ. ಮೂರನೆಯ ಶೆಡ್ಡಿನ ಛಾವಣಿಗೆ ಉನ್ನತಿ ದೊರೆತಿದೆ. ಒಂದು ಲಾರಿ ಹೆಚ್ಚಾಗಿದೆ. ಅಹಿತಕರವಾದದ್ದೇನೂ ಕಂಡುಬಂದಿಲ್ಲ, ಕಂಡುಬಂದಿದ್ದರೂ ಬರೆಯುವಂತಿಲ್ಲ.' ಘೋಷಿಸಿದ್ದಕ್ಕೂ ನಡೆದದ್ದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲದ ಇಂಥ ಪ್ರಕರಣ ಬಂದರಿನ ಇತಿಹಾಸದಲ್ಲೇ ಇಲ್ಲವೆಂದು ಸೀ ತೈಬಿಯವರಿಗೆ ರಾಜಧಾನಿಗೆ ಬಡ್ತಿಯಾಯಿತು. ಹೋಗುವಾಗ ಅಮೃತಶಿಲೆಯನ್ನೂ ಕೀಳಿಸಿಕೊಂಡು ಹೋದರು.

ಬೂಷ್ತಾ ಪರಿಹಾರ ಕೇಳಲು ಅದೇ ಕಿಟಕಿಗೆ ಬಂದ. ಕೈಯಲ್ಲಿ ಕೆಂಪು ಕುಚ್ಚು ಮಾತ್ರ ಇತ್ತು.

"ನಷ್ಟ ಅನ್ನೋ ಪದ ಪಟ್ಟಿಯಲ್ಲಿ ಇಲ್ಲ ಸೀ ಬೂಷ್ತಾ," ಎಂದಳು ಲಲ್ಲಾ ಮಹ್‌ಜೂಬಾ. ಅವಳ ಕಣ್ಣು ಒದ್ದೆಯಾಗಿತ್ತು, ಠಸ್ಸೆ ಒಣಗಿತ್ತು. "ಹೆಚ್ಚಳ ಅಂತ ಇದೆ. ನಿಮ್ಮ ಲಾರಿ ಹೆಚ್ಚಾಗಿದೆ ಅಂತ ಸಮಿತಿಯೇ ಬರೆದಿದೆ. ಒಂದಿದ್ದದ್ದು ಹೆಚ್ಚಾದ್ರೆ ಎಷ್ಟು?"

"ಲಲ್ಲಾ, ನೀವೂ ನೋಡಿದ್ದೀರಿ. ಅದರ ಒಂದು ಬಾಗಿಲು ಮೀನಿನ ಮಾರ್ಕೆಟ್ಟಲ್ಲಿ ಬಿದ್ದಿತ್ತು."

"ನೋಡಿದ್ದೀನಿ. ಎಲ್ಲರೂ ನೋಡಿದ್ದಾರೆ. ನೋಡಿದ್ದನ್ನ ಬರೆಯೋಕೆ ಬರುತ್ತಾ?"

ಒಂದಕ್ಕಿಂತ ಹೆಚ್ಚು ಲಾರಿ ಇದ್ದವರು ಲಾರಿ ಮಾಲೀಕರ ಪಟ್ಟಿಗೆ ಸೇರುತ್ತಾರೆ. ಆ ಪಟ್ಟಿಯಲ್ಲಿ ಅತ್ಯಂತ ಹೊಸಬನಾಗಿ, ಯಾರ ಆಕ್ಷೇಪಣೆಯೂ ಇಲ್ಲದೆ, ಬೂಷ್ತಾ ಸಾಗಣೆ ಪತ್ರಗಳ ಪದ ಪರಿಶೀಲನಾ ಸಮಿತಿಯ ಗೌರವ ಸದಸ್ಯನಾದ. ಗೌರವ ಎಂದರೆ ಸಂಬಳ ಇಲ್ಲ. ಕೂರಲು ಕುರ್ಚಿ ಇತ್ತು, ಅಲ್ಲಾಲ್‌ನ ಚಹಾ ಇತ್ತು. ಮೊದಮೊದಲು ಅವನು ಕೈಯೆತ್ತಿ ಏನೋ ಹೇಳಲು ಹೋಗುತ್ತಿದ್ದ. ಬರಬರುತ್ತಾ ಕೈಯೆತ್ತಿದರೆ ಅನುಮೋದನೆ ಎಂದು ಬರೆದುಕೊಳ್ಳುತ್ತಾರೆ ಎಂದು ತಿಳಿಯಿತು. ಆಮೇಲೆ ರೂಢಿಯಾಯಿತು. ವಿಷಕ್ಕೆ 'ರುಚಿ' ಎಂಬ ಪದ ಸೂಚಿಸಿದವನು ಅವನೇ. ಸಭೆ ಚಪ್ಪಾಳೆ ತಟ್ಟಿತು. ಕಪ್ತಾನ ಜಿಲಾಲಿ ಪಿಂಚಣಿ ಪಡೆದು ಮನೆಗೆ ಹೋಗುವಾಗ, ಇನ್ನೊಂದು ಹುಬ್ಬನ್ನಾದರೂ ಉಳಿಸಿಕೊಂಡು ಹೋಗುತ್ತಿದ್ದೇನಲ್ಲ, ಅಷ್ಟು ಸಾಕು ಎಂದ.

ಮಬ್ರೂಕಾ ಎಲ್ಲಿ ಎಂದು ಇತ್ತೋ ಮೊದಲ ದಿನವೇ ಕೇಳಿದ್ದಳು. ಹೆಚ್ಚಾದಳು ಎಂದು ಬೂಷ್ತಾ ಹೇಳಿದ್ದ. ಅವಳು ಕುಚ್ಚು ತೆಗೆದುಕೊಂಡು ಗೋಡೆಯ ಮೊಳೆಗೆ ಸಿಕ್ಕಿಸಿ ಒಳಗೆ ಹೋಗಿದ್ದಳು.

ಒಂದು ಶುಕ್ರವಾರ ಸಮಿತಿಯ ಸಭೆ ಮುಗಿಸಿ ಬೂಷ್ತಾ ನಡೆದುಕೊಂಡು ಮನೆಗೆ ಬಂದ. ಕೈಕಾಲು ತೊಳೆದು ತಗ್ಗಿನ ಮೇಜಿನ ಮುಂದೆ ಕೂತ. ಇತ್ತೋ ದೊಡ್ಡ ಬೋಗುಣಿಯನ್ನು ಮುಚ್ಚಳದ ಸಮೇತ ತಂದು ಅವನ ಮುಂದಿಟ್ಟಳು. ದೇವರ ಹೆಸರು ಹೇಳಿ ಮುಚ್ಚಳ ತೆಗೆದಳು.

ಬೋಗುಣಿಯ ತಳದಲ್ಲಿ ಬರೆದಿದ್ದ ನೀಲಿ ಹೂವು ಅಂಚಿನಿಂದ ಅಂಚಿಗೆ ಪೂರ್ತಿಯಾಗಿ ಕಾಣುತ್ತಿತ್ತು.

"ತುಂಬಿದೆ," ಎಂದಳು ಇತ್ತೋ. "ಹೊಟ್ಟೆ ತುಂಬ ಉಣ್ಣು."

ಬೂಷ್ತಾ ಬಗ್ಗಿ ನೋಡಿದ. ಸಮಿತಿಯ ಸದಸ್ಯನಾಗಿ ಆ ಸಾಲನ್ನು ಮನಸ್ಸಿನಲ್ಲೇ ಒಮ್ಮೆ ಪರಿಶೀಲಿಸಿದ. ನಿಷೇಧಿತ ಪದ ಒಂದೂ ಇರಲಿಲ್ಲ, ಕ್ರಮ ಸರಿಯಾಗಿತ್ತು, ತಿದ್ದಿದ್ದೂ ಅಳಿಸಿದ್ದೂ ಇರಲಿಲ್ಲ.

ಅವನು ಅಂಗಿಯ ತೋಳು ಮಡಚಿ, ಬೋಗುಣಿಗೆ ಕೈ ಹಾಕಿದ.